ಸೋಮವಾರ ಎತ್ತು ಹೂಡದ ಊರು

ಸೋಮವಾರ ಬೆಳಿಗ್ಗೆ ಹೆಂಚಿನ ಕಾರ್ಖಾನೆಗೆ ಮಣ್ಣಿನ ಒಂದು ಗಾಡಿಯೂ ಬರಲಿಲ್ಲ. ಯಂತ್ರ ಸುಮ್ಮನೆ ನಿಂತಿತ್ತು, ಜನ ಸುಮ್ಮನೆ ಕೂತಿದ್ದರು, ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಇದು ಎಪ್ಪತ್ತರ ದಶಕದ ಕೊನೆಯ ಮಾತು. ಮೈಸೂರಿನಿಂದ ಖಾನಾಪುರಕ್ಕೆ ಮ್ಯಾನೇಜರಾಗಿ ಬಂದು ತಿಂಗಳಾಗಿದ್ದ ನನಗೆ ಮೈಯೆಲ್ಲ ಉರಿಯಿತು.

"ಇವತ್ತು ಎತ್ತು ಹೂಡಂಗಿಲ್ರಿ ಸಾಹೇಬ್ರ, ಬಸವಣ್ಣನ ದಿನ," ಎಂದ ಮೇಸ್ತ್ರಿ ಕಲ್ಲಪ್ಪ.

"ಇನ್ನು ಮೇಲೆ ವಾರದ ಮಣ್ಣೆಲ್ಲ ಸೋಮವಾರವೇ ಬರಬೇಕು ಅಂತ ನಾನು ನಿಯಮ ಮಾಡಿದಾಗ ಯಾಕೆ ಹೇಳಲಿಲ್ಲ?"

"ನೀವ ಕೇಳಲಿಲ್ರಿ."

ನಮ್ಮ ಕಡೆಯ ಹಳ್ಳಿಗಳಲ್ಲೂ ಸೋಮವಾರ ಎತ್ತಿಗೆ ಬಿಡುವು ಇರುತ್ತದಂತೆ. ಪೇಟೆಯಲ್ಲಿ ಬೆಳೆದ ನನಗೆ ಅದು ತಿಳಿಯಲು ಖಾನಾಪುರಕ್ಕೇ ಬರಬೇಕಾಯಿತು.

ಮಾಲೀಕರಿದ್ದದ್ದು ಬೆಳಗಾವಿಯಲ್ಲಿ. "ಮಳಿ ಹಿಡಿಯೂದ್ರಾಗ ಕೆಲಸ ಒಂದು ಹದಕ್ಕ ಬರಬೇಕ್ರಿ. ಇಲ್ಲಂದ್ರ ಬ್ಯಾರೇ ಮ್ಯಾನೇಜರನ್ನ ನೋಡ್ತೀನಿ" ಎಂದು ಮೊದಲೇ ಹೇಳಿದ್ದರು. ಹಾಗಾಗಿ ವಾರದ ರಜೆಯನ್ನು ಭಾನುವಾರದಿಂದ ಸೋಮವಾರಕ್ಕೆ ತಂದೆ. ಈ ಸಲವೂ ಯಾರನ್ನೂ ಕೇಳಲಿಲ್ಲ. ಭಾನುವಾರ ಹೆಂಚು ಒಣಗಿಸುವ ಹೆಂಗಸರು ಬರಲೇ ಇಲ್ಲ. ಮೈಸೂರಿನಲ್ಲಿ ಬೇಕೆನಿಸಿದಾಗ ಮಾರ್ಕೆಟ್ಟಿಗೆ ಹೋಗುತ್ತಿದ್ದೆವು. ಇಲ್ಲಿ ಐತವಾರದ, ಅಂದರೆ ಭಾನುವಾರದ, ಬಜಾರ ತಪ್ಪಿದರೆ ವಾರವಿಡೀ ಮನೆಯಲ್ಲಿ ಮೆಣಸಿನಕಾಯಿಯೂ ಇರುವುದಿಲ್ಲ.

ಮಂಗಳವಾರ ನಾನು ರೇಗಿದೆ. ಒಣಗಿಸುವ ಕೆಲಸದ ಹಿರಿಯಾಕೆ, ನಂದಗಡದ ಗಂಗೂಬಾಯಿ, "ಸಾಹೇಬ್ರ, ಮದಲ ಕುಂದರ್ರಿ" ಎಂದಳು. ತಿಂಗಳಿಂದ ನಾನು ಎಲ್ಲರೊಂದಿಗೂ ನಿಂತೇ ಮಾತಾಡಿದ್ದೆ. ಕೂತೆ. ಕನ್ನಡದಲ್ಲೂ ಮರಾಠಿಯಲ್ಲೂ ಒಟ್ಟಿಗೇ ಜಗಳ ನಡೆಯಿತು. ಅರ್ಧ ನನಗೆ ತಿಳಿಯಲಿಲ್ಲ. ಕೊನೆಗೆ ಅವರೇ ಠರಾಯಿಸಿದರು, ಅಂದರೆ ತೀರ್ಮಾನ ಮಾಡಿದರು: ಐತವಾರ ನಸುಕಿನಿಂದ ಮಧ್ಯಾಹ್ನದವರೆಗೆ ಕೆಲಸ, ಆಮೇಲೆ ಬಜಾರ, ಸೋಮವಾರ ಎತ್ತಿಗೂ ಮನುಷ್ಯರಿಗೂ ರಜೆ, ಮಣ್ಣು ಮಂಗಳವಾರ.

"ನಾವ ಹೇಳೇವಿ, ನಾವ ನಡಸ್ತೀವಿ" ಎಂದಳು ಗಂಗೂಬಾಯಿ.

ನನ್ನ ನಿಯಮಕ್ಕಿಂತ ಅದೇನೂ ಬಹಳ ಬೇರೆಯಾಗಿರಲಿಲ್ಲ. ಆದರೂ ಅದು ನಡೆಯಿತು, ನನ್ನದು ನಡೆದಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಸ್ವಲ್ಪ ಹೊಟ್ಟೆಯುರಿಯೂ ಆಯಿತು. ಮಳೆ ಹಿಡಿಯುವವರೆಗೂ ಭಟ್ಟಿ ಒಂದು ವಾರವೂ ತಣ್ಣಗಿರಲಿಲ್ಲ. ಮಾಲೀಕರು ಬಂದು ನೋಡಿ, "ನೀವು ಇಲ್ಲೇ ಇರ್ರಿ" ಎಂದರು.

ಇಲ್ಲಿ ಸೋತಿದ್ದರೆ ಮೈಸೂರಿಗೆ ವಾಪಸು ಹೋಗಬಹುದಿತ್ತಲ್ಲ ಎಂದು ಹೊಳೆದದ್ದೇ ಆಗ. ದಸರೆಗೆ ಹೋದಾಗ, ಮೈಸೂರಿನ ಮನೆಯಲ್ಲಿದ್ದ ಅಕ್ಕನಿಗೆ ಕೆಲಸ ಖಾಯಂ ಆಯಿತೆಂದು ಹೇಳಿದೆ. ಅವಳು ಖುಷಿಯಿಂದ ಸಜ್ಜಿಗೆ ಮಾಡಿದಳು. ತಟ್ಟೆ ಮುಂದಿಟ್ಟು, "ಹಾಗಾದ್ರೆ ನಿನ್ನ ರೂಮು ಬಾಡಿಗೆಗೆ ಕೊಟ್ಟುಬಿಡಲೇನೋ?" ಎಂದಳು.

"ಕೊಡು" ಎಂದೆ. ಇನ್ನು ಮೈಸೂರಿಗೆ ಬಂದರೆ ನಾನು ಎಲ್ಲಿ ಮಲಗಬೇಕೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.