ಕೋರ್ಟು ಏಳುವವರೆಗೆ ಸಜೆ

ಗೆಳೆಯರೇ, ಡ್ಯಾಮಿನ ಹಿನ್ನೀರಿನಲ್ಲಿ ಮುಳುಗುವ ಜಾಗವನ್ನು ಬೇಸಿಗೆಯಲ್ಲಿ ತೋರಿಸಿ, ಸೈಟು ಎಂದು ನಮ್ಮ ದೊಡ್ಡಮ್ಮನಿಗೆ ಮಾರಿದವನಿಗೆ ಇವತ್ತು ಹೊಸಪೇಟೆ ಕೋರ್ಟಿನಲ್ಲಿ ಶಿಕ್ಷೆಯಾಯಿತು. ಸ್ವಲ್ಪ ದಂಡ, ಜೊತೆಗೆ ಕೋರ್ಟು ಏಳುವವರೆಗೆ ಸಜೆ. ದೊಡ್ಡಮ್ಮನ ದುಡ್ಡಿಗೆ ಬೇರೆ ದಾವೆ ಹಾಕಬೇಕಂತೆ.

"ಕೋರ್ಟು ಏಳಾಕ ಎಷ್ಟು ವರ್ಷ ಆಗತೈತ್ರಿ?" ಎಂದು ದೊಡ್ಡಮ್ಮ ಪರಿಚಯದ ವಕೀಲರನ್ನು ಕೇಳಿದಳು.

"ಇವತ್ತು ಸಂಜೀಕ ಏಳತೈತಿ, ಅಮ್ಮಾ," ಎಂದರು ಅವರು.

ನಂಬಿಕೆ ಬರದೆ ದೊಡ್ಡಮ್ಮ ಕಾವಲು ಕುಳಿತಳು. ಅವನು ಒಳಗೆ ಫ್ಯಾನಿನ ಕೆಳಗೆ, ಇವಳು ಹೊರಗೆ ಮೆಟ್ಟಿಲ ಮೇಲೆ. ಸಂಜೆ ಅವನು ಹೊರಬಂದು, "ಕುಂತು ಕುಂತು ಸೊಂಟಾನ ಹೋತ್ರಿ ಅಕ್ಕಾರ," ಎಂದ.

"ನಾನೂ ಅಷ್ಟ ಹೊತ್ತು ಕುಂತೀನಿ. ನಾ ಯಾರಿಗೆ ಮೋಸ ಮಾಡಿದ್ನಲೇ?" ಎಂದಳು ದೊಡ್ಡಮ್ಮ.

ಆಮೇಲೆ ಕಮಲಾಪುರದ ಬಸ್ಸಿಗೆ ಕಾದು ನಿಂತೆವು. ಬಸ್ಸು ಬರಲಿಲ್ಲ, ಅವನ ಕಾರು ಬಂತು. "ಬರ್ರಿ, ಊರಿಗೆ ಬಿಡ್ತೀನಿ," ಎಂದ. ನಾನು ಬೇಡ ಎನ್ನುವಷ್ಟರಲ್ಲಿ ದೊಡ್ಡಮ್ಮ ಮುಂದಿನ ಸೀಟಿನಲ್ಲಿ ಕುಳಿತೇಬಿಟ್ಟಿದ್ದಳು.

"ಹತ್ತು ನೀನೂ," ಎಂದು ನನ್ನನ್ನು ಕರೆದಳು. "ಇವನ ಕಡಿಂದ ಪೆಟ್ರೋಲಾದ್ರೂ ವಸೂಲಾಗ್ಲಿ."

ಒಟ್ಟಿನಲ್ಲಿ ನಮಗೆ ಪರಿಹಾರ ಸಿಕ್ಕಿದೆ, ಕಮಲಾಪುರದ ತನಕ.