ಶಿವಗಂಗಮ್ಮನ ಎಡಗೈ

ಶಿವಗಂಗಮ್ಮ ಪೂಜೆಗೆ ಕೂತರೆ ಮನೆಗೆ ಮನೆಯೇ ಗಪ್‌ಚಿಪ್ಪಾಗಬೇಕು, ಕುರುಬರಹಳ್ಳಿಯ ಆ ವಠಾರಕ್ಕೆಲ್ಲ ಅದು ಗೊತ್ತು. ಕೊರಳಿನ ಕರಡಿಗೆ ಬಿಚ್ಚಿ, ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡಳೆಂದರೆ ಮುಗೀತು, ಬಾಗಿಲಿಗೆ ಯಾರೇ ಬರಲಿ, ಕಾಯಬೇಕು. ಗಂಡ ತೀರಿಕೊಂಡ ವರ್ಷವೂ ಎರಡು ಹೊತ್ತಿನ ಪೂಜೆ ಬಿಟ್ಟವಳಲ್ಲ. ಅಂಥವಳು ಹನ್ನೊಂದು ದಿನದಿಂದ ವಿಭೂತಿ ಡಬ್ಬಿಗೆ ಫೋನು ಒರಗಿಸಿ, ನ್ಯೂಸ್ ಹಾಕಿಕೊಂಡು ಪೂಜೆಗೆ ಕೂರುತ್ತಿದ್ದಾಳೆ ಅಂದರೆ ಹೊಟ್ಟೆಯೊಳಗೆ ಎಂಥಾ ಸಂಕಟ ಇರಬೇಕು, ನೀವೇ ಹೇಳಿ!

ವಿಜಯನಗರದ ಒಂದು ಸರ್ಕಾರಿ ಹಾಸ್ಟೆಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳು ಅಡುಗೆಯವಳು, ಗುತ್ತಿಗೆ ಮೇಲೆ. ಈಗ ಐವತ್ತೇಳು. ಇನ್ನು ಮೂರು ವರ್ಷಕ್ಕೆ ಬರಿಗೈಯಲ್ಲಿ ಮನೆಗೆ ಕಳಿಸುತ್ತಾರೆ. ಖಾಯಂ ಆದರೆ ಮಾತ್ರ ಮುಪ್ಪಿಗೊಂದು ಆಸರೆ. ಖಾಯಂ ಮಾಡುವ ಫೈಲು ಕೊನೆಗೂ ಕ್ಯಾಬಿನೆಟ್ಟಿಗೆ ಹೋಯಿತು ಅನ್ನುವಷ್ಟರಲ್ಲಿ ಶಾಸಕರು ಒಬ್ಬೊಬ್ಬರಾಗಿ ರೆಸಾರ್ಟು ಸೇರತೊಡಗಿದರು, ಹಾಳಾಗಿ ಹೋಗಲಿ!

"ಫೈಲೇನೋ ಹೋಗಿದೆ ಕಣಮ್ಮ. ಸರ್ಕಾರಾನೇ ಬಿದ್ರೆ ಅದನ್ನ ಯಾರು ನೋಡ್ತಾರೆ?" ಅಂದಿದ್ದರು ವಾರ್ಡನ್ ದೊಡ್ಡಹನುಮಯ್ಯ. ಅವತ್ತು ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಇವತ್ತು ಸಂಜೆ ಕ್ಯಾಬಿನೆಟ್ ಮೀಟಿಂಗು. ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ನೀರಿನ ಗಿಂಡಿ, ಕಣ್ಣು ಫೋನಿನ ಮೇಲೆ. ಇನ್ನೂ ನಾಲ್ವರು ಶಾಸಕರು ರೆಸಾರ್ಟಿಗೆ ಹೊರಟರು ಎಂದು ಟಿವಿಯವನು ಕಿರುಚಿದ್ದೇ ತಡ, ಇವಳ ಕೈ ನಡುಗಿ ಲಿಂಗಕ್ಕೆ ಎರೆಯಬೇಕಿದ್ದ ನೀರೆಲ್ಲ ಫೋನಿನ ಮೇಲೆ ಸುರಿಯಿತು. ಫೋನು ಗೊರಗೊರ ಅಂದು ಕಪ್ಪಾಯಿತು.

"ಅಯ್ಯೋ ನನ್ನ ತಂದೇ!"

ಎತ್ತಿ ಒರೆಸೋಣ ಅಂದರೆ ಎರಡು ಕೈ ಬೇಕು, ಲಿಂಗವನ್ನು ಕೆಳಗಿಡುವ ಹಾಗಿಲ್ಲ. ಬೇರೆ ದಾರಿಯಿಲ್ಲದೆ ಅಂಗೈ ನೋಡಿದಳು. ಲಿಂಗದ ಮೇಲೆ ಒಂದು ಹನಿ ನೀರಿಲ್ಲ, ಬೆಳಗಿನ ವಿಭೂತಿ ಹಾಗೇ ಅಂಟಿಕೊಂಡಿತ್ತು.

"ಹನ್ನೊಂದು ದಿನದಿಂದ ನಿನ್ನ ಮುಖಾನೇ ನೋಡಿಲ್ವಲ್ಲಪ್ಪ," ಎಂದು ಅತ್ತೇಬಿಟ್ಟಳು.

ಲಿಂಗ ಅಂಗೈಯಲ್ಲೇ ಇಟ್ಟುಕೊಂಡು ಎದ್ದು ಮತ್ತೆ ನೀರು ತುಂಬಿಕೊಂಡು ಬಂದಳು. ನಿಧಾನವಾಗಿ ಎರೆದಳು, ಒರೆಸಿದಳು, ಹೊಸ ವಿಭೂತಿ ಹಚ್ಚಿ ಪತ್ರೆ ಏರಿಸಿದಳು. ಈ ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಮಂತ್ರಿಗಳು ಬಂದರು, ಮುಂದಿನ ವರ್ಷ ಖಾಯಂ ಅಂದರು, ಹೋದರು. ಅಂಗೈಯಲ್ಲಿದ್ದವನು ಯಾವ ಆಶ್ವಾಸನೆಯನ್ನೂ ಕೊಟ್ಟಿರಲಿಲ್ಲ, ಬಿಟ್ಟೂ ಹೋಗಿರಲಿಲ್ಲ. ಹಾಗಂತ ಭಯ ಓಡಿಹೋಯಿತು ಅಂದುಕೊಳ್ಳಬೇಡಿ, ಎದೆ ಇನ್ನೂ ಢವಢವ ಅನ್ನುತ್ತಲೇ ಇತ್ತು. ಕೈಯ ನಡುಕ ಮಾತ್ರ ನಿಂತಿತ್ತು.

ಅಷ್ಟರಲ್ಲಿ ಮಗಳು ವಚನಾ ಕೆಲಸ ಮುಗಿಸಿಕೊಂಡು ಏದುಸಿರು ಬಿಡುತ್ತಾ ಬಂದಳು.

"ಅಮ್ಮಾ, ನ್ಯೂಸ್ ನೋಡಿದ್ಯಾ?"

ಶಿವಗಂಗಮ್ಮ ತಿರುಗಲಿಲ್ಲ. ಬಲಗೈ ಎತ್ತಿ, ತಾಳು ಎಂದು ಸನ್ನೆ ಮಾಡಿದಳು. ಒಳ್ಳೇ ಸುದ್ದಿಯೋ ಕೆಟ್ಟದ್ದೋ ಮಗಳ ಮುಖದಲ್ಲೇ ಬರೆದಿರುತ್ತೆ ಅಂತ ಗೊತ್ತಿದ್ದೂ ನೋಡಲಿಲ್ಲ. ಪೂಜೆ ಮುಗಿಸಿ, ಕರಡಿಗೆ ಕೊರಳಿಗೆ ಕಟ್ಟಿಕೊಂಡ ಮೇಲೇ, "ಹ್ಞೂ, ಈಗ ಹೇಳು," ಅಂದಳು.

"ಮೀಟಿಂಗ್ ಮುಂದಕ್ಕೆ ಹೋಯ್ತಮ್ಮ. ಗುರುವಾರ ಸಂಜೆ ಅಂತೆ. ಅಲ್ಲೀವರೆಗೂ ಸರ್ಕಾರ ಇರುತ್ತೋ ಇಲ್ವೋ..."

ಶಿವಗಂಗಮ್ಮ ಒದ್ದೆ ಫೋನನ್ನು ಸೆರಗಿನಲ್ಲಿ ಒರೆಸಿ ಮಗಳ ಕೈಗಿಟ್ಟಳು.

"ರಿಪೇರಿ ಮಾಡಿಸಿ ನಿನ್ನ ಹತ್ರಾನೇ ಇಟ್ಕೋ ಕಣೇ. ಗುರುವಾರ ಸಂಜೆ ನನ್ನ ಕೈ ಖಾಲಿ ಇರಲ್ಲ."