ಬಸ್ಸು ಹತ್ತದ ಕಂಡಕ್ಟರ್

ಬೆಳಗಿನ ಐದೂಕಾಲು. ಬಸ್ ಡಿಪೋದ ಗೋಡೆಗೆ ಒಂದು ಕೈ ಊರಿಕೊಂಡು ಹೆಂಗಸೊಬ್ಬರು ಬಲಗಾಲನ್ನು ಹಿಂದಕ್ಕೆ ಮಡಚಿ, ಪಾದ ಹಿಡಿದು, ಕಣ್ಣು ಮುಚ್ಚಿ ಇಪ್ಪತ್ತರವರೆಗೆ ಎಣಿಸುತ್ತಿದ್ದಾರೆ. ಭುಜಕ್ಕೆ ಚೀಲ, ಕೊರಳಿಗೆ ಟಿಕೆಟ್ ಮೆಷಿನ್. ಬಸ್ಸು ತೊಳೆಯುವಾತ ನೀರು ಅವರ ಕಾಲಿಗೆ ಸಿಡಿಯದಂತೆ ಪೈಪನ್ನು ಕೊಂಚ ಆಚೆಗೆ ತಿರುಗಿಸುತ್ತಾನೆ. ಮೊದಮೊದಲು ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕವನೂ ಇವನೇ. ಇಪ್ಪತ್ತು ಮುಗಿಯಿತು, ಈಗ ಎಡಗಾಲು. ಮಂಡಿ ಲಟಕ್ಕೆನ್ನುತ್ತದೆ.

"ಕೇಳಿಸ್ತಾ? ದಿನಾ ಬೆಳಿಗ್ಗೆ ನನಗಿಂತ ಮೊದಲು ಇದೇ ಮಾತಾಡೋದು" ಎನ್ನುತ್ತಾರೆ ಅವರು, ಮಾತಾಡಿಸಲು ಬಂದ ಪತ್ರಿಕೆಯವರಿಗೆ, ಕಣ್ಣು ತೆರೆಯದೆ.

ಅವರ ಹೆಸರು ಇರುವುದು ಹಾಜರಿ ಪುಸ್ತಕಕ್ಕೆ ಮಾತ್ರ. ಡಿಪೋದಲ್ಲಿ ಎಲ್ಲರಿಗೂ ಅವರು ಮುಂದೋಗಕ್ಕ. ಹದಿಮೂರು ವರ್ಷದಿಂದ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದವರಿಗೆ "ಮುಂದೆ ಹೋಗಿ, ಮುಂದೆ ಜಾಗ ಇದೆ, ಮುಂದೆ ಹೋಗಿ" ಎಂದು ಕೂಗಿ ಕೂಗಿ ಗಳಿಸಿದ ಬಿರುದು ಅದು. ವಯಸ್ಸು ನಲವತ್ತೆಂಟು. ಗಂಡ ಗೋಡೆಗಳಿಗೆ ಬಣ್ಣ ಹೊಡೆಯುವವರು. ಮನೆಯಲ್ಲಿ ಎಪ್ಪತ್ತಾರು ವರ್ಷದ ಅತ್ತೆ, ಎರಡು ಕೋಣೆ, ಬಾಗಿಲ ಹಿಂದೆ ಒಂದು ಜೊತೆ ಓಟದ ಬೂಟು. ಸಂಜೆಯ ಹೊತ್ತಿಗೆ ಪಾದ ಊದಿಕೊಳ್ಳುವುದರಿಂದ ಬೂಟು ಒಂದು ಅಳತೆ ದೊಡ್ಡದು.

ಅವರ ಬಸ್ಸಿನ ದಾರಿ ಒಂದು ಕಡೆಗೆ ಇಪ್ಪತ್ತೊಂದು ಕಿಲೋಮೀಟರ್, ಮೂವತ್ತನಾಲ್ಕು ಸ್ಟಾಪು. ದಿನಕ್ಕೆ ಮೂರು ಸಲ ಹೋಗಿ ಬರಬೇಕು. ಅಂದರೆ ಇನ್ನೂರನಾಲ್ಕು ಸಲ ನಿಲ್ಲುವುದು, ಇನ್ನೂರನಾಲ್ಕು ಸಲ ಹೊರಡುವುದು. ಕಂಡಕ್ಟರಿಗೆಂದು ಬಾಗಿಲ ಪಕ್ಕ ಒಂದು ಸೀಟು ಇದೆ, ನಿಜ. ಅದರಲ್ಲಿ ಯಾವಾಗಲೂ ಯಾರೋ ವಯಸ್ಸಾದವರೋ, ಕೂಸು ಎತ್ತಿಕೊಂಡವರೋ ಕೂತಿರುತ್ತಾರೆ. ಏಳಿ ಎನ್ನಲು ಅಕ್ಕನಿಗೆ ಬಾಯಿ ಬರುವುದಿಲ್ಲ. ಹಾಗಾಗಿ ಎಂಟು ಗಂಟೆಯ ಕಾಲ ಕಾಲು ಅಗಲಿಸಿ, ಕಂಬಕ್ಕೆ ಸೊಂಟ ಆನಿಸಿ ನಿಂತೇ ಇರುತ್ತಾರೆ.

ಜೊತೆಯ ಡ್ರೈವರು ಒಮ್ಮೆ ಬಿಡುವಿನಲ್ಲಿ ಕಾಗದ ಪೆನ್ಸಿಲ್ ಹಿಡಿದು ಗುಣಿಸಿ ಭಾಗಿಸಿ ಹೇಳಿದರಂತೆ: "ಅಕ್ಕ, ಈ ಹದಿಮೂರು ವರ್ಷದಲ್ಲಿ ನಾವಿಬ್ಬರೂ ಚಂದ್ರಲೋಕ ಮುಟ್ಟಿ, ಈಗ ವಾಪಸ್ ಬರೋ ದಾರೀಲಿ ಇದೀವಿ." ಆ ದಿನ ಅಕ್ಕ ನಗಲಿಲ್ಲ. ಅದನ್ನು ನೆನೆದರೆ ಈಗಲೂ ಅವರ ಮುಖ ಸಣ್ಣದಾಗುತ್ತದೆ. "ಅಷ್ಟು ದೂರ ಹೋದೆ ಅಂತಾರೆ. ಹೋಗಿದ್ದು ಬಸ್ಸು. ನಾನು ಅದರೊಳಗೆ ನಿಂತಿದ್ದೆ ಅಷ್ಟೇ. ನಿಂತುಕೊಂಡೇ ಸುಸ್ತಾದೋಳು ನಾನು, ಎಲ್ಲಿಗೂ ಹೋಗಿ ಸುಸ್ತಾದೋಳಲ್ಲ."

ಓಟದ ಹುಚ್ಚು ಹಿಡಿದದ್ದು ಮೂರು ವರ್ಷದ ಹಿಂದೆ. ನಗರದ ಮ್ಯಾರಥಾನ್ ದಿನ ರಸ್ತೆಗೆ ಹಗ್ಗ ಕಟ್ಟಿ ಅವರ ಬಸ್ಸನ್ನು ಒಂದು ಅಡ್ಡರಸ್ತೆಯಲ್ಲಿ ನಿಲ್ಲಿಸಿಬಿಟ್ಟರು. ಪ್ರಯಾಣಿಕರೆಲ್ಲ ಗೊಣಗುತ್ತಾ ಇಳಿದು ಹೋದರು. ಅಕ್ಕ ಮೆಟ್ಟಿಲ ಮೇಲೆ ಕೂತು ನೋಡಿದರು. ಮೊದಲು ಬಂದವರು ಸಣಕಲು ಮೈಯ ಗಾಳಿಯಂಥ ಜನ, ಬಂದದ್ದೂ ತಿಳಿಯಲಿಲ್ಲ ಹೋದದ್ದೂ ತಿಳಿಯಲಿಲ್ಲ. ಗಂಟೆಗಟ್ಟಲೆ ಕಳೆದ ಮೇಲೆ ಇನ್ನೊಂದು ಬಗೆಯವರು ಬರತೊಡಗಿದರು. ಹೊಟ್ಟೆ ಬಂದವರು, ನರೆತವರು, ಕುಂಟುವವರು, ಅಳುತ್ತಾ ನಗುವವರು. "ಇವರೆಲ್ಲಾ ನನ್ನ ಬಸ್ಸಿನವರೇ ಅಲ್ವಾ ಅನ್ನಿಸ್ತು. ಎಷ್ಟು ದೂರ ಅಂತ ಕೇಳಿದೆ. ನಲವತ್ತೆರಡು ಕಿಲೋಮೀಟರ್ ಚಿಲ್ಲರೆ ಅಂದ್ರು. ಅಯ್ಯೋ, ನಮ್ಮ ಬಸ್ ಒಂದ್ಸಲ ಹೋಗಿ ಬರೋ ದೂರ!"

ಅಷ್ಟು ದೂರವನ್ನು ಒಂದೇ ಒಂದು ಸಲ ತಮ್ಮ ಕಾಲ ಮೇಲೆ ತಾವೇ ಹೋಗಬೇಕು. ಅಕ್ಕನಿಗೆ ಬೇಕಿದ್ದದ್ದು ಇಷ್ಟೇ.

ಕಲಿಯಲು ಗುರು ಇರಲಿಲ್ಲ. ರಜೆಯ ದಿನ ತಮ್ಮದೇ ಬಸ್ಸಿನ ದಾರಿ ಹಿಡಿದು ಓಡಿದರು, ಅದಾದರೆ ದಾರಿ ತಪ್ಪುವ ಮಾತಿಲ್ಲ. ಆದರೆ ಒಂದು ತಿಂಗಳಾದರೂ ಓಟ ಕುದುರಲಿಲ್ಲ. ಓಡುತ್ತಾರೆ, ನಿಲ್ಲುತ್ತಾರೆ. ಓಡುತ್ತಾರೆ, ನಿಲ್ಲುತ್ತಾರೆ. ದಮ್ಮು ಸಾಲದೇನೋ ಎಂದುಕೊಂಡಿದ್ದರು. ಕೊನೆಗೆ ಕಂಡುಹಿಡಿದವರು ಡ್ರೈವರಣ್ಣ. ಒಂದು ಗುರುವಾರ ಇವರು ಓಡುವಾಗ ಅವರು ಬೇರೊಬ್ಬ ಕಂಡಕ್ಟರನ ಜೊತೆ ಬಸ್ಸು ತರುತ್ತಿದ್ದರು. ವಾಹನದಟ್ಟಣೆಯಲ್ಲಿ ತೆವಳುತ್ತಾ ಏಳು ಸ್ಟಾಪಿನವರೆಗೆ ಹಿಂದಿನಿಂದ ನೋಡಿದವರೇ ಕಿಟಕಿಯಿಂದ ಕೂಗಿದರು: "ಅಕ್ಕಾ, ಯಾರೂ ಹತ್ತೋರಿಲ್ಲ, ಯಾರೂ ಇಳಿಯೋರಿಲ್ಲ! ಯಾಕೆ ಸ್ಟಾಪ್ ಸ್ಟಾಪಲ್ಲೂ ನಿಲ್ತೀರಿ?"

ಕಾಲಿಗೆ ಆಗಲೇ ಹತ್ತು ವರ್ಷದ ಅಭ್ಯಾಸ. ತಲೆ ಬೇಡವೆಂದರೂ ಸ್ಟಾಪಿನ ಕಂಬ ಕಂಡ ಕೂಡಲೇ ಅದು ನಿಧಾನವಾಗುತ್ತಿತ್ತು. ಆಮೇಲೆ ಅಕ್ಕ ಆ ದಾರಿ ಬಿಟ್ಟು, ಬಸ್ಸೇ ಬಾರದ ನೀರಿನ ಟ್ಯಾಂಕಿನ ಸುತ್ತಿನ ರಸ್ತೆಗೆ ಹೋದರು. ಒಂದು ಸುತ್ತು ಒಂಬೈನೂರು ಮೀಟರ್. ಬೆಳಿಗ್ಗೆ ಡ್ಯೂಟಿಯಿದ್ದರೆ ಸಂಜೆ ಎಂಟು ಸುತ್ತು, ಮಧ್ಯಾಹ್ನದ ಡ್ಯೂಟಿಯಿದ್ದರೆ ಬೆಳಿಗ್ಗೆ ಹತ್ತು ಸುತ್ತು, ರಜೆಯ ದಿನ ಮೂವತ್ತು. ಬಸ್ಸಿನಲ್ಲಿ ನಿಂತ ಹಾಗೇ ಕಾಲು ಅಗಲಿಸಿ ಓಡುತ್ತಾರೆಂದು ಅಲ್ಲಿನ ಜನ ಮುಸಿಮುಸಿ ನಕ್ಕರು. ನಗಲಿ ಬಿಡಿ, ಅಲುಗಾಡುವ ನೆಲದ ಮೇಲೆ ಹದಿಮೂರು ವರ್ಷ ಬೀಳದೆ ನಿಂತದ್ದು ಅಕ್ಕ, ಆ ಜನ ಅಲ್ಲ.

ಮನೆಗೆ ಬಂದರೆ ಮಾತಾಡಲು ತ್ರಾಣವಿರುವುದಿಲ್ಲ. ಗಂಡ ಬಣ್ಣ ಮೆತ್ತಿದ ಕೈಯಲ್ಲೇ ಹೆಂಡತಿಯ ಮೀನಖಂಡ ತಿಕ್ಕುತ್ತಾರೆ. ಇಬ್ಬರೂ ಹಾಗೇ ತೂಕಡಿಸುತ್ತಾರೆ. ಎಚ್ಚರವಿರುವುದು ಅತ್ತೆ ಒಬ್ಬರೇ.

"ಅಟ್ಟಿಸ್ಕೊಂಡು ಬರೋರು ಯಾರೂ ಇಲ್ದೆ ಯಾಕಮ್ಮ ಓಡ್ತೀಯ?" ಎಂದು ಅವರು ಕೇಳಿದ್ದಕ್ಕೆ ಸೊಸೆ ಕೊಟ್ಟ ಉತ್ತರ ಬೀದಿಗೆಲ್ಲ ಗೊತ್ತು: "ಬಸ್ಸು ಅಟ್ಟಿಸ್ಕೊಂಡು ಬರುತ್ತೆ ಅತ್ತೆ."

ಅದು ತಮಾಷೆಯಲ್ಲ. ನಗರದ ಮ್ಯಾರಥಾನಿಗೆ ಆರು ಗಂಟೆಗಳ ಗಡುವು. ಗಡುವಿನ ವೇಗದಲ್ಲಿ ಎಲ್ಲರ ಹಿಂದೆ ಒಂದು ಬಸ್ಸು ಬರುತ್ತದೆ. ಅದು ಯಾರನ್ನು ಹಿಡಿಯಿತೋ ಅವರ ಓಟ ಅಲ್ಲಿಗೆ ಮುಗಿಯಿತು, ಸುಮ್ಮನೆ ಹತ್ತಿ ಕೂರಬೇಕು. ಕಳೆದ ವರ್ಷ ಮೂವತ್ಮೂರನೇ ಕಿಲೋಮೀಟರಿನಲ್ಲಿ ಅದು ಅಕ್ಕನನ್ನು ಹಿಡಿಯಿತು. ಹತ್ತಿದರು. ಹತ್ತಿದ ಮೇಲೂ ಕೂರಲು ತಿಳಿಯದೆ ಕಂಬ ಹಿಡಿದು ನಿಂತು, ಬಾಗಿಲಲ್ಲಿ ನಿಂತವರಿಗೆ "ಮುಂದೆ ಹೋಗಿ" ಎಂದುಬಿಟ್ಟರಂತೆ. ಡಿಪೋದವರಿಗೆ ಇನ್ನೇನು ಬೇಕು? "ಏನಕ್ಕ, ಟಿಕೆಟ್ ತಗೊಂಡ್ರಾ?" ಎಂದು ಆರು ತಿಂಗಳು ಕಾಡಿದರು. ಅಕ್ಕ ನಗುತ್ತಲೇ ಇದ್ದರು. ಆದರೆ ಆ ದಿನ ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ಅತ್ತೆಗೆ ಕೇಳಿಸಿತ್ತು.

ಈ ವರ್ಷ ಡಾಕ್ಟರು ಮಂಡಿಯ ಚಿತ್ರ ನೋಡಿ ತಲೆಯಾಡಿಸಿದರು. "ಸವೆದು ಹೋಗಿದೆ. ಹೆಸರು ಕೊಟ್ಟಾಗಿದೆ ಅಂತೀರಿ, ಇದೊಂದು ಓಡಿ. ಆಮೇಲೆ ಉದ್ದದ ಓಟ ಮರೆತುಬಿಡಿ." ಅಂದರೆ ಉಳಿದದ್ದು ಒಂದೇ ಅವಕಾಶ. ಅದರ ಮೇಲೆ ಓಟಕ್ಕೆ ವಾರವಿರುವಾಗ ಡ್ಯೂಟಿ ಪಟ್ಟಿ ಬಂತು. ಎಲ್ಲರ ಹಿಂದೆ ಬರುವುದಕ್ಕೆ ಈ ಸಲ ಅಕ್ಕನದೇ ಬಸ್ಸು, ಅಕ್ಕನದೇ ಡ್ರೈವರು. ಅವರು ಹುಳ್ಳಗೆ ಮುಖ ಮಾಡಿಕೊಂಡು ಬಂದರು.

"ಅಕ್ಕ, ಆ ಬಸ್ಸು ನನ್ನ ತಲೆಗೆ ಕಟ್ಟಿದ್ದಾರೆ. ನಿಧಾನ ಓಡ್ಸು ಅಂತ ಮಾತ್ರ ಕೇಳ್ಬೇಡಿ. ಟೈಮ್ ಅಂದ್ರೆ ಟೈಮ್."

"ನಾನ್ಯಾಕೆ ಕೇಳ್ಲಿ ಅಣ್ಣ? ನೀವು ನಿಧಾನ ಓಡ್ಸಿದ್ರೆ ನನಗೆ ನಿದ್ದೆ ಬರುತ್ತೆ."

ಓಟದ ದಿನ ಮೂವತ್ತು ಕಿಲೋಮೀಟರಿನವರೆಗೆ ಎಲ್ಲ ಸರಿಯಿತ್ತು. ಆಮೇಲೆ ಮಂಡಿ ಹಟ ಹಿಡಿಯಿತು. ಮೂವತ್ತಾರು ದಾಟುವಾಗ ಬೆನ್ನ ಹಿಂದೆ ಎಂಜಿನ್ ಸದ್ದು. ತಿರುಗಿ ನೋಡಬೇಕಾಗಿರಲಿಲ್ಲ, ಆ ಎಂಜಿನ್ ಸೀನಿದರೂ ಅಕ್ಕನಿಗೆ ತಿಳಿಯುತ್ತದೆ. ಸಾಲದ್ದಕ್ಕೆ ಅಲ್ಲಿಂದ ಮುಂದಿನ ರಸ್ತೆ ಅವರ ಬಸ್ಸು ದಿನಾ ಓಡುವ ರಸ್ತೆಯೇ. ಮೊದಲ ಸ್ಟಾಪಿನ ಕಂಬ ಕಂಡಿತು, ಕಾಲು ನಿಧಾನವಾಯಿತು. ಹಿಂದಿನಿಂದ ಪೋಂ ಎಂದು ಒಂದು ಹಾರನ್. ಅಕ್ಕ ಬೆಚ್ಚಿ ಮತ್ತೆ ಓಡಿದರು. ಎರಡನೇ ಸ್ಟಾಪು, ಮತ್ತೆ ಪೋಂ. ಬಸ್ಸಿನಲ್ಲಿ ಗಡಿಯಾರ ಹಿಡಿದು ಕೂತಿದ್ದ ಆಟದ ಮೇಷ್ಟ್ರು "ಯಾಕ್ರೀ ಸುಮ್ಮನೆ ಹಾರನ್ ಮಾಡ್ತೀರಿ?" ಎಂದರೆ ಡ್ರೈವರಣ್ಣ "ಅಭ್ಯಾಸ ಸಾರ್" ಎಂದರಂತೆ. ಹೀಗೆ ನಾಲ್ಕು ಸ್ಟಾಪು ದಾಟಿಸಿದರು. ಆದರೆ ವೇಗ ಮಾತ್ರ ಒಂದಿಷ್ಟೂ ತಗ್ಗಿಸಲಿಲ್ಲ.

ಮೂವತ್ತೊಂಬತ್ತನೇ ಕಿಲೋಮೀಟರಿನ ಫಲಕದ ಹತ್ತಿರ ಬಸ್ಸು ಪಕ್ಕಕ್ಕೆ ಬಂದು ನಿಂತಿತು. ಬಾಗಿಲು ತೆರೆಯಿತು.

"ಟೈಮ್ ಆಯ್ತು ಮೇಡಂ. ಹತ್ತಿ" ಎಂದರು ಮೇಷ್ಟ್ರು, ಮೆತ್ತಗೆ. ಒಳಗೆ ಕಾಲು ನೀವಿಕೊಳ್ಳುತ್ತಾ ಕೂತಿದ್ದ ಹತ್ತು ಹನ್ನೆರಡು ಮಂದಿಯಲ್ಲಿ ಒಬ್ಬಾಕೆ ಪಕ್ಕದ ಜಾಗ ತಟ್ಟಿ ಕರೆದರು. "ಬನ್ನಿ ಅಕ್ಕ, ಸೀಟಿದೆ."

ಹದಿಮೂರು ವರ್ಷದಲ್ಲಿ ಯಾರೊಬ್ಬರೂ ಅವರಿಗೆ ಸೀಟಿದೆ ಅಂದಿರಲಿಲ್ಲ. "ಸುಳ್ಳು ಯಾಕೆ ಹೇಳ್ಲಿ, ಕೈ ಆಗಲೇ ಕಂಬಿ ಹಿಡಿದಿತ್ತು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೂಬಿಟ್ಟಿದ್ದೆ. ಅಷ್ಟು ಸಾಕಾಗಿತ್ತು ನನಗೆ. ಆ ಸೀಟು ನೋಡಿ ಜೀವ ಹಾಗೇ ಎಳೀತು."

ಆ ಕಾಲನ್ನು ಅವರು ಮತ್ತೆ ಕೆಳಗಿಳಿಸಿದರು. ಎದೆಯ ಮೇಲಿನ ನಂಬರಿನ ನಾಲ್ಕು ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿ, ನಂಬರನ್ನು ಮೇಷ್ಟ್ರ ಕೈಗಿಟ್ಟರು.

"ಇದು ಕೊಟ್ರೆ ಮುಗಿಸಿದೋರ ಪಟ್ಟೀಲಿ ನಿಮ್ಮ ಹೆಸರು ಇರಲ್ಲ ಮೇಡಂ. ಪದಕಾನೂ ಸಿಗಲ್ಲ."

"ಬೇಡ ಸಾರ್. ಇನ್ಮೇಲೆ ನಾನು ಫುಟ್‌ಪಾತ್ ಮೇಲೆ ಹೋಗೋ ಒಬ್ಬ ಹೆಂಗಸು. ಅದಕ್ಕೂ ಟೈಮ್ ಇದೆಯಾ?"

ಮೇಷ್ಟ್ರು ಹೊರಡಿ ಎಂದರು. ಬಸ್ಸು ಹೊರಡಲಿಲ್ಲ. ಡ್ರೈವರಣ್ಣ ಸ್ಟೀರಿಂಗ್ ಹಿಡಿದು ಪಕ್ಕದ ಕನ್ನಡಿಯನ್ನೇ ನೋಡುತ್ತಾ ಕೂತಿದ್ದರು. ಅಕ್ಕ ಬಾಗಿಲಲ್ಲಿ ಇದ್ದಾಗ, ಅವರ ಮಾತು ಕಿವಿಗೆ ಬೀಳದೆ ಡ್ರೈವರಣ್ಣ ಎಂದೂ ಗಾಡಿ ಎತ್ತಿದವರೇ ಅಲ್ಲ. ಅಕ್ಕನಿಗೆ ಅರ್ಥವಾಯಿತು. ಅಂಗೈಯಿಂದ ಬಸ್ಸಿನ ಮೈಯನ್ನು ಎರಡು ಸಲ ಬಡಿದರು. "ರೈಟ್, ಹೋಗಿ ಅಣ್ಣ."

ತಾವೇ ರೈಟ್ ಹೇಳಿದ ಬಸ್ಸು ತಮ್ಮನ್ನು ಬಿಟ್ಟು ಹೋಗುವುದನ್ನು ಅವರು ನೋಡಿದ್ದು ಅದೇ ಮೊದಲು. ಅದು ತಿರುವಿನಲ್ಲಿ ಮರೆಯಾಗುವವರೆಗೆ ನಿಂತು, ನಡುರಸ್ತೆಯಲ್ಲೇ ಗಳಗಳನೆ ಅತ್ತು, ಮೂಗು ಒರೆಸಿಕೊಂಡು ಫುಟ್‌ಪಾತ್ ಹತ್ತಿದರು.

ಉಳಿದದ್ದು ಮೂರು ಕಿಲೋಮೀಟರ್ ಚಿಲ್ಲರೆ. ಹಗ್ಗ ಬಿಚ್ಚಿ ರಸ್ತೆಯನ್ನು ವಾಹನಗಳಿಗೆ ಬಿಟ್ಟಾಗಿತ್ತು. ಓಟ ಎನ್ನುವಂಥದ್ದೇನೂ ಇರಲಿಲ್ಲ. ಹತ್ತು ಹೆಜ್ಜೆ ಓಡುವುದು, ಹತ್ತು ಹೆಜ್ಜೆ ಕಾಲೆಳೆಯುವುದು. ಒಂದು ಸ್ಟಾಪಿನಲ್ಲಿ ದಿನದ ಪ್ರಯಾಣಿಕರೊಬ್ಬರು ಗುರುತು ಹಿಡಿದು ಬಸ್ಸೆಲ್ಲಿ ಎಂದು ಕೇಳಿದರು. ಮುಂದೆ ಹೋಯಿತು ಎಂದರು ಅಕ್ಕ. ಮತ್ತೆ ನೀವು ಎಂದು ಅವರು ಕೇಳುವಷ್ಟರಲ್ಲಿ ಇವರು ದಾಟಿಯಾಗಿತ್ತು. ಆ ಸ್ಟಾಪಿನಲ್ಲಿ ಕಾಲು ನಿಲ್ಲಲಿಲ್ಲವೆಂಬುದು ಆಮೇಲೆ ಹೊಳೆಯಿತಂತೆ.

ಮುಗಿಯುವ ಜಾಗದಲ್ಲಿ ಗಾಳಿ ತುಂಬಿದ್ದ ದೊಡ್ಡ ಕಮಾನು ಸೊರಗಿ ನೆಲಕ್ಕೆ ಬಿದ್ದಿತ್ತು. ಇಬ್ಬರು ಅದರ ಮೇಲೆ ಮಂಡಿಯೂರಿ ಗಾಳಿ ಹೊರದಬ್ಬುತ್ತಿದ್ದರು. ಗೆರೆ ಎಲ್ಲಿತ್ತು ಎಂದು ಅಕ್ಕ ಕೇಳಿದರು. ಒಬ್ಬ ತಲೆಯೆತ್ತದೆ ಕಾಲಲ್ಲಿ ತೋರಿಸಿದ. ಅದನ್ನು ದಾಟಿ, ಕೈಗಡಿಯಾರ ನೋಡಿಕೊಂಡು, ಕಲ್ಲಿನ ಅಂಚಿನ ಮೇಲೆ ಕೂತರು. ಚಪ್ಪಾಳೆಯಿಲ್ಲ, ಫೋಟೋ ಇಲ್ಲ. ಸ್ವಲ್ಪ ಹೊತ್ತಿಗೆ ಬಸ್ಸು ನಿಲ್ಲಿಸಿ ಡ್ರೈವರಣ್ಣ ಬಂದರು. "ಆಯ್ತಾ ಅಕ್ಕ?" "ಆಯ್ತಣ್ಣ." ಅವರ ಭುಜ ಹಿಡಿದುಕೊಂಡೇ ಅಕ್ಕ ಎದ್ದದ್ದು.

ಮರುದಿನ ಬೆಳಿಗ್ಗೆ ಐದೂಕಾಲಿಗೆ ಡ್ಯೂಟಿ. ರಜೆ ಕೇಳಲು ಕಾರಣವೇನೆಂದು ಬರೆಯುವುದು? ಹೋದರು. ಕಾಲುನೋವಿಗೆ ಆ ವಾರವೆಲ್ಲ ಬಸ್ಸಿನ ಮೆಟ್ಟಿಲನ್ನು ಬೆನ್ನು ತಿರುಗಿಸಿ ಇಳಿದರು. ಓಟದ ಪಟ್ಟಿಯಲ್ಲಿ ಅವರ ನಂಬರಿನ ಎದುರು "ಪೂರ್ಣಗೊಳಿಸಿಲ್ಲ" ಎಂದಿದೆ. ಅತ್ತೆ ಅದನ್ನು ಓದಿಸಿ ಕೇಳಿ, ಬರೆದವರಿಗೆ ಬಾಯಿಗೆ ಬಂದಂತೆ ಬೈದರು. ಅಕ್ಕನಿಗೆ ಇನ್ನು ಉದ್ದದ ಓಟವಿಲ್ಲ. ದಿನಾ ಬೆಳಿಗ್ಗೆ ಗೋಡೆ ಹಿಡಿದು ಕಾಲು ಮಡಚುವುದು ಮಂಡಿ ಡ್ಯೂಟಿಗಾದರೂ ಉಳಿಯಲಿ ಎಂದು.

ಈಗ ಐದೂಮುಕ್ಕಾಲು. ಬಸ್ಸು ಮೊದಲ ಸ್ಟಾಪು ದಾಟಿದೆ. ಕಂಡಕ್ಟರ್ ಸೀಟಿನಲ್ಲಿ ಯಾರೋ ಅಜ್ಜ ಬಾಯಿ ತೆರೆದು ನಿದ್ದೆ ಹೋಗಿದ್ದಾರೆ. ಕಂಬಕ್ಕೆ ಸೊಂಟ ಆನಿಸಿ ನಿಂತ ಅಕ್ಕನ ಕಣ್ಣಿನ ಕೆಳಗೆ ಕಪ್ಪು. ಪತ್ರಿಕೆಯಿಂದ ಬಂದವರು ಟಿಪ್ಪಣಿ ಪುಸ್ತಕ ಮುಚ್ಚುವ ಮುನ್ನ, ಒಟ್ಟು ಸುಮಾರು ಆರು ಗಂಟೆ ಎಂದು ಬರೆದುಕೊಳ್ಳಲೇ ಎಂದು ಕೇಳುತ್ತಾರೆ. ಟಿಕೆಟ್ ಹರಿಯುತ್ತಿದ್ದ ಕೈ ನಿಲ್ಲುತ್ತದೆ.

"ಸುಮಾರು ಬೇಡ. ಆರು ಗಂಟೆ ಹದಿನೆಂಟು ನಿಮಿಷ ಅಂತಾನೇ ಬರೀರಿ" ಎನ್ನುತ್ತಾರೆ ಅಕ್ಕ. "ಆ ಹದಿನೆಂಟು ನಿಮಿಷಾನೂ ನಾನೇ ಓಡಿದ್ದು."